ಫ್ರೀವೀಲ್‌ಗೆ ವೆಲ್ಡಿಂಗ್ ಬೇಡ, ಹಬ್ ಬಿಚ್ಚಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಅಂತರಗಂಗೆ ಬೆಟ್ಟದ ಬಂಡೆ ಮೇಲೆ ಸೈಕಲ್ ಹಾರಿಸುವ ಹುಡುಗರ ಫೋಟೋ ಬಂದಿತ್ತು. ಫೋಟೋ ಚೆನ್ನಾಗಿತ್ತು. ಕೆಳಗೆ ಬರೆದಿದ್ದು ಮಾತ್ರ ಸರಿ ಇರಲಿಲ್ಲ. ‘ಸೈಕಲ್ ವೀಲಿಂಗ್’ ಅಂತ ಹಾಕಿದ್ದೀರಿ. ಸಾಲದು ಅಂತ, ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಫಾರಿನ್ ಸೈಕಲ್ಲೇ ಬೇಕು ಅಂತಲೂ ಸೇರಿಸಿದ್ದೀರಿ. ನಾನು ಕೋಲಾರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟು 22 ವರ್ಷ ಆಯಿತು. ಆ ಫೋಟೋದಲ್ಲಿ ಎಡಗಡೆ ಕಾಣುವ ಸೈಕಲ್ಲಿನ ಹಿಂದಿನ ಚಕ್ರ ಕಟ್ಟಿದ್ದು ನಾನೇ. ಅದರ ಹಬ್, ಅಂದರೆ ಕಡ್ಡಿಗಳು ಬಂದು ಕೂರುವ ಚಕ್ರದ ನಡುಭಾಗ, ಗುಜರಿಯಿಂದ ಬಂದದ್ದು. ಓಡಿಸುತ್ತಿರುವವನು ನನ್ನ ಅಕ್ಕನ ಮಗ.

ಇಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಪೇಪರ್ ಬಂದ ಮೇಲೆ ಮೂರು ದಿನದಲ್ಲಿ ನಾಲ್ಕು ಹುಡುಗರು ಅಂಗಡಿಗೆ ಬಂದರು, ‘ನಮಗೂ ಹಾಗೇ ಮಾಡಿಕೊಡಿ ಅಣ್ಣ’ ಅಂತ. ಅವರಲ್ಲಿ ಇಬ್ಬರು ಹಿಂದಿನ ಫ್ರೀವೀಲ್‌ಗೆ, ಅಂದರೆ ತುಳಿಯದಿದ್ದಾಗ ಪೆಡ್ಲು ನಿಂತು ಚಕ್ರ ಮಾತ್ರ ತಿರುಗೋಕೆ ಬಿಡುವ ಹಲ್ಲಿನ ಚಕ್ರಕ್ಕೆ, ಆಗಲೇ ವೆಲ್ಡಿಂಗ್ ಹಾಕಿಸಿಕೊಂಡು ಬಂದಿದ್ದರು. ಒಬ್ಬನ ಕಾಲ ಗಂಟಿನ ಮೇಲೆ ಪೆಡ್ಲು ಬಡಿದು ಊದಿತ್ತು. ಅದನ್ನು ನೋಡಿದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ.

ಮೊದಲು ಆಟದ ಹೆಸರು. ಇದಕ್ಕೆ ಟ್ರಯಲ್ಸ್ ಅಂತಾರೆ. ಮೋಟಾರ್ ಸೈಕಲ್ ಟ್ರಯಲ್ಸ್ ನೋಡಿಕೊಂಡು ಸ್ಪೇನಿನಲ್ಲಿ ಸೈಕಲ್ ಮೇಲೆ ಬೆಳೆದ ಆಟ. 1986ರಿಂದ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯುತ್ತಿದೆ, ಈಗ 20 ಇಂಚಿನ ಚಕ್ರಕ್ಕೆ ಬೇರೆ, 26 ಇಂಚಿಗೆ ಬೇರೆ. ಕಾಲು ನೆಲಕ್ಕೆ ತಾಗಿಸದೆ ಬಂಡೆಯಿಂದ ಬಂಡೆಗೆ ಹಾರಬೇಕು. ವೇಗ ಅನ್ನೋದೇ ಇಲ್ಲ. ಹೈವೇಯಲ್ಲಿ ಬೈಕ್ ಎತ್ತಿ ಜನರ ಪ್ರಾಣ ತೆಗೆಯುವವರನ್ನು ಪೊಲೀಸರು ಹಿಡಿಯಲಿ, ನನ್ನದೇನೂ ತಕರಾರಿಲ್ಲ. ಇವರನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಹಾಗಂತ ದೇವಸ್ಥಾನದ ಮೆಟ್ಟಿಲ ಮೇಲೆ ಹಾರಿಸಿದರೆ ನಾನೇ ಬೈಯುತ್ತೇನೆ, ಬೈದಿದ್ದೂ ಇದೆ. ಬಸವನ ಬಾಯಿಂದ ಬರುವ ನೀರು ಹಿಡಿಯೋಕೆ ವಯಸ್ಸಾದವರು ಹತ್ತುವ ಜಾಗ ಅದು. ಬಂಡೆಗಳಿಗೇನು ಬರ, ಬೆಟ್ಟದ ತುಂಬಾ ಇವೆ.

ಈಗ ಹಬ್ ವಿಷಯ.

ಅಳಿಯ ಬೆಂಗಳೂರಿನಲ್ಲಿ ಯಾರೋ ಬಿಟ್ಟ ಹಳೇ 26 ಇಂಚಿನ ಟ್ರಯಲ್ಸ್ ಫ್ರೇಮ್ ತಂದ. ಸೀಟಿಲ್ಲ. ಸೀಟು ಕೂರಿಸೋಕೆ ಸರಿಯಾದ ಜಾಗವೂ ಇಲ್ಲ. ಅಂಗಡಿಗೆ ಬಂದವರೆಲ್ಲ ‘ಸೀಟ್ ಯಾರು ಕದ್ರು?’ ಅಂತಲೇ ಕೇಳೋರು. ಫ್ರೇಮ್ ಜೊತೆ ಕ್ರ್ಯಾಂಕ್ (ಪೆಡ್ಲು ಕೂರುವ ತೋಳು) ಬಂತು, ಕ್ರ್ಯಾಂಕ್ ಮೇಲೆ 18 ಹಲ್ಲಿನ ಫ್ರೀವೀಲ್ ಬಂತು. ಹೌದು, ಈ ಸೈಕಲ್ಲಿಗೆ ಫ್ರೀವೀಲ್ ಮುಂದೆ, ಪೆಡ್ಲು ಹತ್ತಿರ. ಹಿಂದಿನ ಚಕ್ರ ಮಾತ್ರ ಬರಲಿಲ್ಲ.

ಫ್ರೀವೀಲ್ ಮುಂದೆ ಯಾಕೆ ಅನ್ನೋದನ್ನು ಅರ್ಥ ಮಾಡಿಕೊಂಡರೆ ಯಾರೂ ವೆಲ್ಡಿಂಗ್ ಅಂಗಡಿಗೆ ಹೋಗಲ್ಲ. ಮಾಮೂಲಿ ಫ್ರೀವೀಲ್ ಒಳಗೆ, ತುಳಿದಾಗ ಹಿಡಿದುಕೊಳ್ಳೋಕೆ, 20 ಕಚ್ಚು ಇದೆ ಅಂತ ಇಟ್ಟುಕೊಳ್ಳಿ. ಒಂದು ಕಚ್ಚಿಂದ ಇನ್ನೊಂದಕ್ಕೆ 18 ಡಿಗ್ರಿ. ಹಿಂದೆ 15 ಹಲ್ಲು, ಮುಂದೆ 18 ಹಲ್ಲು ಇದ್ದರೆ ಪೆಡ್ಲಿನ ಕಡೆ ಅದು 15 ಡಿಗ್ರಿ ಆಗುತ್ತದೆ. ಅಂದರೆ ತುಳಿದಾಗ ಪೆಡ್ಲು ನಾಲ್ಕೂವರೆ ಸೆಂಟಿಮೀಟರ್‌ವರೆಗೂ ಖಾಲಿ ಓಡಿ ಆಮೇಲೆ ಕಚ್ಚುತ್ತದೆ. ರೋಡಲ್ಲಿ ಇದು ಗೊತ್ತೇ ಆಗಲ್ಲ. ಬಂಡೆ ತುದಿಯಲ್ಲಿ ಹಿಂದಿನ ಚಕ್ರದ ಮೇಲೆ ನಿಂತು, ಒಂದೇ ಒಂದು ತುಳಿತದಲ್ಲಿ ಎದುರಿನ ಬಂಡೆಗೆ ಹಾರಬೇಕಾದವನಿಗೆ ಆ ನಾಲ್ಕೂವರೆ ಸೆಂಟಿಮೀಟರೇ ಹಲ್ಲು ಮುರಿಸುತ್ತದೆ. ಟ್ರಯಲ್ಸ್ ಕ್ರ್ಯಾಂಕಿನ ಫ್ರೀವೀಲ್‌ಗೆ 72 ಕಚ್ಚು ಇದ್ದರೆ 5 ಡಿಗ್ರಿ, ಒಂದೂವರೆ ಸೆಂಟಿಮೀಟರಲ್ಲಿ ಕಚ್ಚಿತು. ಆಗ ಹಿಂದೆ ಫ್ರೀವೀಲೇ ಬೇಡ, ಬರೀ ಹಲ್ಲಿನ ಚಕ್ರ ಸಾಕು.

ವೆಲ್ಡಿಂಗ್ ಹಾಕಿಸಿದ ಹುಡುಗರು ಅರ್ಧ ಮಾತ್ರ ಕೇಳಿಸಿಕೊಂಡಿದ್ದಾರೆ. ಹಿಂದಿನದು ಫಿಕ್ಸ್ ಆಯಿತು, ಮುಂದೆ ಫ್ರೀವೀಲ್ ಇಲ್ಲ. ಇಳಿಜಾರಲ್ಲಿ ತುಳಿಯೋದು ನಿಲ್ಲಿಸಿದರೂ ಪೆಡ್ಲು ತಾನಾಗೇ ತಿರುಗುತ್ತಲೇ ಇರುತ್ತದೆ. ಕಾಲು ಜಾರಿದರೆ ಬಡಿಯುತ್ತದೆ. ಊದಿದ ಕಾಲಿನ ಕಥೆ ಅದೇ. ಇದರ ಮೇಲೆ ವೆಲ್ಡಿಂಗ್ ಬಿಸಿಗೆ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೋಗಿರುತ್ತದೆ, ಕಿಡಿ ಬಿದ್ದು ಹಬ್ಬಿಗೂ ಫ್ರೀವೀಲಿಗೂ ಬೆಸುಗೆ ಕೂತಿದ್ದರೆ ಮತ್ತೆ ಬಿಚ್ಚೋಕೂ ಆಗಲ್ಲ.

ನಮ್ಮ ಫ್ರೇಮಿನ ಹಿಂದಿನ ಫೋರ್ಕಿನೊಳಗಿನ ಅಳತೆ 116 ಮಿ.ಮೀ. ಗುಜರಿಯಲ್ಲಿ ಸಿಕ್ಕಿದ್ದು ಗೇರ್ ಸೈಕಲ್ಲಿನ ಸ್ಟೀಲ್ ಹಬ್, 36 ತೂತಿನದು, ಎರಡು ತುದಿಯ ಲಾಕ್ ನಟ್ಟಿಂದ ಲಾಕ್ ನಟ್ಟಿಗೆ 135 ಮಿ.ಮೀ. ಕೈಯಲ್ಲಿ ಫೋರ್ಕ್ ಹಿಗ್ಗಿಸಿ ಕೂರಿಸೋಣ ಅಂದ ಅಳಿಯ. 19 ಮಿ.ಮೀ. ಹಿಗ್ಗಿಸಿದರೆ ಅಲ್ಯೂಮಿನಿಯಂ ಫ್ರೇಮ್ ಕೈಗೆ ಬರುತ್ತದೆ ಕಣೋ ಅಂದೆ.

ಇಲ್ಲಿ ನಾನೊಂದು ಎಡವಟ್ಟು ಮಾಡಿದೆ, ಹೇಳಿಬಿಡುತ್ತೇನೆ. ಹಳೇ ರಿಮ್ ಡೊಂಕು, ಕಡ್ಡಿಗಳೆಲ್ಲ ತುಕ್ಕು. ಕಟರ್ ತಗೊಂಡು ಕಟಕಟ ಅಂತ ಅಷ್ಟೂ ಕಡ್ಡಿ ಕತ್ತರಿಸಿ ಹಬ್ ಕೈಗೆ ತಗೊಂಡೆ. ಆಮೇಲೆ ನೆನಪಾಯಿತು, ಗೇರ್ ಫ್ರೀವೀಲ್ ಇನ್ನೂ ಹಬ್ ಮೇಲೇ ಇದೆ. ಅದು ತುಳಿದಷ್ಟೂ ಬಿಗಿಯಾಗುವ ಥ್ರೆಡ್. ವರ್ಷಗಟ್ಟಲೆ ತುಳಿದು ಕಚ್ಚಿಕೊಂಡಿರೋದನ್ನು ಬಿಚ್ಚಬೇಕಾದರೆ ರಿಮ್ಮೇ ಹಿಡಿ. ರಿಮ್ ಇಲ್ಲದ ಹಬ್ಬನ್ನು ಎಲ್ಲಿ ಹಿಡಿಯೋದು? 22 ವರ್ಷದ ಅನುಭವ ಅಂತ ಮೇಲೆ ಬರೆದುಕೊಂಡವನು ನಾನೇ. ಕೊನೆಗೆ ಮೂಲೆಯಲ್ಲಿದ್ದ 18 ಹಳೇ ಕಡ್ಡಿ ಹುಡುಕಿ, ಅದೇ ಡೊಂಕು ರಿಮ್‌ಗೆ ಮತ್ತೆ ಕಟ್ಟಿ, ಫ್ರೀವೀಲ್ ಟೂಲನ್ನು ವೈಸಿಗೆ ಕಚ್ಚಿಸಿ, ಫ್ರೀವೀಲ್ ಕೆಳಗೆ ಬರುವ ಹಾಗೆ ಚಕ್ರ ಅದರ ಮೇಲೆ ಕೂರಿಸಿ, ಕಾರಿನ ಸ್ಟೀರಿಂಗ್ ಎಡಕ್ಕೆ ತಿರುಗಿಸುವ ಹಾಗೆ ಇಬ್ಬರೂ ಸೇರಿ ಎಳೆದೆವು. ‘ಟಣ್’ ಅಂತ ಬಿಟ್ಟಿತು. ಅಳಿಯ ಕಿಸಕ್ಕನೆ ನಕ್ಕ. ನಗಲಿ ಬಿಡಿ. ನೀವು ಮಾತ್ರ ಫ್ರೀವೀಲ್ ಬಿಚ್ಚಿದ ಮೇಲೇ ಕಡ್ಡಿ ಮುಟ್ಟಿ.

ಹಬ್ ಬಿಚ್ಚಿದರೆ ಬಲಗಡೆ ಕೋನ್‌ಗೂ (ಬೇರಿಂಗ್ ಬಾಲ್ಸನ್ನು ಒತ್ತಿ ಹಿಡಿಯುವ ನಟ್ಟು) ಲಾಕ್ ನಟ್‌ಗೂ ನಡುವೆ ಒಂದು ಉದ್ದ ಕೊಳವೆ ಇರುತ್ತದೆ, ಸ್ಪೇಸರ್. ಸಾಲಾಗಿ ಗೇರ್ ಕೂರೋಕೆ ಜಾಗ ಬೇಕಲ್ಲ, ಅದಕ್ಕೆ. ನಮಗೆ ಗೇರೇ ಇಲ್ಲ ಅಂದ ಮೇಲೆ ಆ ಜಾಗ ಸುಮ್ನೆ ದಂಡ. ಕಡಿಮೆ ಮಾಡಬೇಕಾದ 19 ಮಿ.ಮೀ. ಪೂರ್ತಿ ಅಲ್ಲೇ ಸಿಗುತ್ತದೆ. ನಮ್ಮ ಕೊಳವೆ 27 ಇತ್ತು, 8 ಉಳಿಸಬೇಕು. ಹ್ಯಾಕ್ಸಾದಲ್ಲಿ ಕೊಯ್ದು ಅರ ಹೊಡೆದರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಮುಖ ಒಂದು ಕೂದಲೆಳೆ ಓರೆ ಇದ್ದರೂ ಲಾಕ್ ನಟ್ ಬಿಗಿ ಮಾಡಿದಾಗ ಆಕ್ಸಲ್ ಬಾಗುತ್ತದೆ, ಕೋನ್ ಒಂದು ಕಡೆ ಬಿಗಿ ಒಂದು ಕಡೆ ಲೂಸ್. ಲೇತ್‌ಗೇ ಕೊಡಬೇಕು.

ಲೇತ್ ಅಣ್ಣ ಕೆಜಿಎಫ್‌ನವರು. 2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲಿನ ವರ್ಕ್‌ಶಾಪಲ್ಲಿ ಟರ್ನರ್. ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದ ಗಣಿಯ ಯಂತ್ರಕ್ಕೆ ಬುಷ್ ಕಡೆದ ಕೈ ಅದು. ನಾನು ವೆರ್ನಿಯರ್ ಹಿಡಿದು 19 ಮಿ.ಮೀ. ತೆಗೀಬೇಕು ಅಂದೆ. ‘ಮಿಲಿಮೀಟರ್ ಎಲ್ಲ ಬೇಡ ತಂಬಿ, ಎಷ್ಟು ನೂಲು ಹೇಳು’ ಅಂದರು. ಲೆಕ್ಕ ಹಾಕಿದರೆ ಸರಿಯಾಗಿ ಆರು ನೂಲು, ಮುಕ್ಕಾಲು ಇಂಚು. ಕೊಳವೆ ಚಕ್‌ನಲ್ಲಿ ಕೂರಿಸಿ, ಎರಡೂ ಮುಖ ಕನ್ನಡಿ ಹಾಗೆ ಮಾಡಿ ಕೈಗಿಟ್ಟರು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಮುಗಿದಿತ್ತು. ಅಳೆದು ನೋಡಿದೆ, 8ಕ್ಕೆ 8.

ಆಕ್ಸಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಎಷ್ಟೋ ಗೇರ್ ಸೈಕಲ್ಲಿನದು ಟೊಳ್ಳು ಆಕ್ಸಲ್, ಪಾನಾ ಇಲ್ಲದೆ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಕಡ್ಡಿ ತೂರಿಸೋಕೆ. ಬಂಡೆಯಿಂದ ಹಾರುವವನಿಗೆ ಅದು ಬೇಡ, ಗಟ್ಟಿ ಆಕ್ಸಲ್ ಹಾಕಿ. ಅದು 10 ಮಿ.ಮೀ. ದಪ್ಪ, 1 ಮಿ.ಮೀ. ಥ್ರೆಡ್ ಇರಬೇಕು. ನಮ್ಮ ಹಳೇ ಕಾಲದ ಕಪ್ಪು ಸೈಕಲ್ಲಿನ ಆಕ್ಸಲ್ 3/8 ಇಂಚು, ಇಂಚಿಗೆ 26 ಥ್ರೆಡ್. ಕಣ್ಣಿಗೆ ಎರಡೂ ಒಂದೇ ಥರ. 10 ಮಿ.ಮೀ. ಕೋನನ್ನು ಅದಕ್ಕೆ ಹಾಕಿದರೆ ಸಲೀಸಾಗಿ ಹೋಗುತ್ತದೆ, ಕೈಗೆ ಸ್ವಲ್ಪ ಲೊಡಲೊಡ ಅನ್ನಿಸುತ್ತದೆ ಅಷ್ಟೇ. ಹೋಯಿತಲ್ಲ ಅಂತ ಖುಷಿಪಟ್ಟರೆ ಮೊದಲ ದಿನವೇ ಥ್ರೆಡ್ ಸವೆದು ಹೋಗುತ್ತದೆ.

ಹಾಗಾದರೆ ಹಬ್ ಕತ್ತರಿಸಿ ಶಕ್ತಿ ಕಡಿಮೆ ಮಾಡಿದ ಹಾಗಾಯಿತಲ್ವಾ ಅಂತ ಕೇಳಬಹುದು. ಉಲ್ಟಾ. ಇಂಥ ಗೇರ್ ಹಬ್ಬಿನಲ್ಲಿ ಬಲಗಡೆ ಬಾಲ್ಸ್ ಒಳಗೆಲ್ಲೋ ಇರುತ್ತದೆ, ಅಲ್ಲಿಂದ ಫೋರ್ಕ್‌ವರೆಗೆ ಆಕ್ಸಲ್ ಆಸರೆ ಇಲ್ಲದೆ ಚಾಚಿಕೊಂಡಿರುತ್ತದೆ. ಆಕ್ಸಲ್ ಮುರಿಯೋದು ಯಾವಾಗಲೂ ಅಲ್ಲೇ. ಎಷ್ಟು ಮುರಿದದ್ದು ಬದಲಾಯಿಸಿದ್ದೀನೋ ಲೆಕ್ಕವಿಲ್ಲ. ಆರು ನೂಲು ತೆಗೆದ ಮೇಲೆ ಆ ಚಾಚು ಅಷ್ಟು ಚಿಕ್ಕದಾಯಿತು. ಇನ್ನೊಂದು ಲಾಭ ಕಡ್ಡಿಗಳಲ್ಲಿ. ಮೊದಲು ಬಲಗಡೆ ಕಡ್ಡಿ ನೆಟ್ಟಗೆ, ಎಡಗಡೆ ಕಡ್ಡಿ ಓರೆ, ಬಲಗಡೆಯದು ಬಿಗಿ, ಎಡಗಡೆಯದು ಸಡಿಲ. ಈಗ ಹಬ್ ಬಲಕ್ಕೆ ಸರಿದು ಎರಡೂ ಕಡೆ ಹೆಚ್ಚುಕಡಿಮೆ ಸಮ. ನಾವು ಹೊಸ ಕಡ್ಡಿ ಹಾಕಿದ್ದರಿಂದ ಎರಡೂ ಕಡೆ ಒಂದೇ ಅಳತೆ ತಗೊಂಡೆವು. ನನ್ನ ಹಾಗೆ ಕಡ್ಡಿ ಕತ್ತರಿಸದೆ, ಇರುವ ಚಕ್ರವನ್ನೇ ಉಳಿಸಿಕೊಂಡವರು ಎಡಗಡೆ ಸುಮಾರು ಎರಡು ಸುತ್ತು ಬಿಗಿ, ಬಲಗಡೆ ಎರಡು ಸುತ್ತು ಸಡಿಲ ಮಾಡಿ, ಆಮೇಲೆ ಬೆಂಡ್ ತೆಗೆದರೆ ಸಾಕು. ಮೊದಲು ಬಲ ಸಡಿಲ ಮಾಡಿ, ಆಮೇಲೆ ಎಡ ಬಿಗಿ ಮಾಡಿ.

ಜೋಡಿಸುವಾಗ ಬಾಲ್ಸ್ ಒಂದೊಂದು ಕಡೆಗೆ ಒಂಬತ್ತು, ಕಾಲಿಂಚಿನದು, ಹೊಸದೇ ಹಾಕಿ, ಹತ್ತು ರೂಪಾಯಿಗೆ ಮುಖ ನೋಡಬೇಡಿ. ಹಿಂದೆ 15 ಹಲ್ಲಿನ ಫಿಕ್ಸೆಡ್ ಚಕ್ರವನ್ನು ಬೆಂಗಳೂರಿಂದ ತರಿಸಿದೆವು, ಫ್ರೀವೀಲ್ ಕೂತಿದ್ದ ಥ್ರೆಡ್ಡಿಗೇ ಅದೂ ಕೂರುತ್ತದೆ. ಫ್ರೀವೀಲ್ ಮುಂದೆ ಇರೋದರಿಂದ ಹಿಂದಕ್ಕೆ ತುಳಿದು ಅದನ್ನು ಬಿಚ್ಚುವ ಬಲವೇ ಬರಲ್ಲ. ಮುಂದೆ ಫ್ರೀವೀಲ್ ಇರುವ ಕ್ರ್ಯಾಂಕ್ ಇಲ್ಲದವರು ಈ ಹಲ್ಲಿನ ಚಕ್ರ ಹಾಕಬೇಡಿ. 16 ಹಲ್ಲಿನ ಮಾಮೂಲಿ ಸಿಂಗಲ್ ಫ್ರೀವೀಲ್ ಹಾಕಿಕೊಂಡು ಮೊದಲು ನಿಂತಲ್ಲೇ ನಿಲ್ಲೋದು, ಎಗರೋದು ಕಲೀರಿ. ನಾಲ್ಕೂವರೆ ಸೆಂಟಿಮೀಟರ್ ಚಿಂತೆ ಆಮೇಲೆ.

ಇಷ್ಟೆಲ್ಲ ಮಾಡಿ ಚಕ್ರ ಮುಗಿಸಿದ ಮೇಲೆ ಅಳಿಯ ಗ್ರೈಂಡರ್ ತಗೊಂಡು ಬಂದು, ‘ಮಾಮ, ರಿಮ್ ಮೈಯನ್ನು ಇದರಲ್ಲಿ ಉಜ್ಜಬೇಕು, ಆಗ ಬ್ರೇಕ್ ಕಚ್ಚುತ್ತೆ’ ಅಂದ. ಹೊಸ ರಿಮ್. ಗೀರು ಬಿದ್ದೀತು ಅಂತ ಗೋಣಿಚೀಲ ಹಾಸಿ ಕಟ್ಟಿದ ರಿಮ್. ಟ್ರಯಲ್ಸ್‌ನವರು ಎಲ್ಲ ಕಡೆ ಹಾಗೇ ಮಾಡುತ್ತಾರಂತೆ, ನಾನು ಒಪ್ಪಿಕೊಂಡೆ, ಆದರೆ ಅವನು ಉಜ್ಜುವಾಗ ನಾನು ಹೊರಗೆ ಹೋಗಿ ನಿಂತಿದ್ದೆ.

ಸಂಪಾದಕರೇ, ನನ್ನ ಕೇಳಿಕೆ ದೊಡ್ಡದೇನಲ್ಲ. ‘ವೀಲಿಂಗ್’ ಅಂತ ಹಾಕಿದ್ದಕ್ಕೆ ಒಂದು ಸಾಲಿನ ತಿದ್ದುಪಡಿ ಹಾಕಿ. ಲಕ್ಷದ ಲೆಕ್ಕಕ್ಕೆ ನಮ್ಮ ಲೆಕ್ಕ ಹೇಳುತ್ತೇನೆ. ಫ್ರೇಮ್, ಕ್ರ್ಯಾಂಕ್, ಬ್ರೇಕ್ ಬಿಟ್ಟು, ಈ ಹಿಂದಿನ ಚಕ್ರಕ್ಕೆ ಹಬ್, ರಿಮ್, ಕಡ್ಡಿ, ಆಕ್ಸಲ್, ಹಲ್ಲಿನ ಚಕ್ರ, ಲೇತ್ ಕೂಲಿ ಎಲ್ಲ ಸೇರಿ ಎರಡೂವರೆ ಸಾವಿರ ದಾಟಲಿಲ್ಲ. ನನ್ನ ಕೂಲಿ ಸೇರಿಸಿಲ್ಲ, ಅಕ್ಕನಿಗೆ ಗೊತ್ತಾದರೆ ಊಟ ಹಾಕಲ್ಲ.

ವೆಲ್ಡಿಂಗ್ ಹಾಕಿಸಿಕೊಂಡ ಇಬ್ಬರಲ್ಲಿ ಒಬ್ಬನ ಫ್ರೀವೀಲ್ ಬಿಚ್ಚಿ ಬಂತು, ಹಬ್ ಉಳಿಯಿತು. ಇನ್ನೊಬ್ಬನದು ಹಬ್ ಸಮೇತ ಗುಜರಿಗೆ ಹೋಯಿತು. ಅವನಿಗೆ ಬೇರೆ ಹಬ್ ಹುಡುಕುತ್ತಿದ್ದೇನೆ. 36 ತೂತಿನದು ಯಾರ ಮನೆ ಅಟ್ಟದ ಮೇಲಾದರೂ ಬಿದ್ದಿದ್ದರೆ ತಂದುಕೊಡಿ, ಫ್ರೀವೀಲ್ ಮೇಲೇ ಇದ್ದರೂ ಪರವಾಗಿಲ್ಲ, ಕಡ್ಡಿ ಮಾತ್ರ ಕತ್ತರಿಸಬೇಡಿ.

ಇಂತಿ,
ಒಬ್ಬ ಸೈಕಲ್ ರಿಪೇರಿಯವನು,
ಕೋಲಾರ