ತಪಾಸಣೆ ಮಾಡ್ಲಿ, ಮರ್ಯಾದೆ ತೆಗೀಬೇಡಿ

ಮಾನ್ಯ ಸಂಪಾದಕರೇ,

ಏರ್‌ಪೋರ್ಟಲ್ಲಿ ಚೆಕಿಂಗ್ ಬೇಡ ಅಂತ ಮಂಗಳೂರಿನವರು ಯಾರೂ ಹೇಳ್ಲಿಕ್ಕಿಲ್ಲ, 2020ರ ಜನವರಿಯಲ್ಲಿ ನಮ್ಮ ಬಜ್ಪೆ ಏರ್‌ಪೋರ್ಟಲ್ಲೇ ಬಾಂಬ್ ಇದ್ದ ಬ್ಯಾಗ್ ಸಿಕ್ಕಿದ್ದು ಎಲ್ರಿಗೂ ನೆನಪುಂಟು. ಆದ್ರೆ ಹೇಗೆ ಮಾಡ್ತಾರೆ ಅನ್ನೋದೂ ಮುಖ್ಯ ಅಲ್ವಾ? ಹೋದ ತಿಂಗ್ಳು ದೂರದ ಒಂದು ಏರ್‌ಪೋರ್ಟಲ್ಲಿ ನನ್ನ ಅಮ್ಮನ ಮೊಣಕಾಲಿಗೆ ಹಾಕಿದ ರಾಡಿಗೆ ಮೆಟಲ್ ಡಿಟೆಕ್ಟರ್ ಕೂಗಿತು, ಆಪರೇಷನ್ ಆಗಿದೆ ಅಂದ್ರೂ ಕೇಳ್ದೆ ಕ್ಯೂನಲ್ಲಿದ್ದವರ ಎದುರೇ ಸೀರೆ ಎತ್ತಿ ಹೊಲಿಗೆ ಗುರುತು ತೋರ್ಸಿ ಅಂದ್ರು, ಪರದೆ ಹಾಕಿದ ಬೂತ್ ನಾಲ್ಕೇ ಹೆಜ್ಜೆ ದೂರ ಇತ್ತು. ಎಪ್ಪತ್ತೆರಡರ ಅಮ್ಮ ಸೆರಗು ಗಟ್ಟಿ ಹಿಡ್ಕೊಂಡು ನಿಂತೇ ಬಿಟ್ರು, ಮನೆಗೆ ಬಂದು ಎರಡು ದಿನ ಸರಿ ಊಟ ಮಾಡ್ಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಹೆಂಗಸರನ್ನು ಪರದೆ ಒಳಗೇ ಹೆಂಗಸರೇ ನೋಡ್ಲಿ, ದೂರು ಕೊಡುವ ನಂಬರ್ ಅಲ್ಲೇ ಗೋಡೆಯಲ್ಲಿ ಕನ್ನಡದಲ್ಲೂ ಬರ್ದಿರ್ಲಿ.

– ಓದುಗ, ಸುರತ್ಕಲ್