ಹಳೆಯ ವ್ಯಾನಿನ ಮಿಸ್ಸಿಂಗ್‌ಗೆ ಪೆಟ್ರೋಲೊಂದೇ ಕಾರಣವೇ?

ಮಾನ್ಯ ಸಂಪಾದಕರೇ,

ಹಳೆಯ ವಾಹನ ಸ್ವಲ್ಪ ಮುಗ್ಗರಿಸಿದರೂ ಎಥನಾಲ್ ಬೆರೆತ ಪೆಟ್ರೋಲಿನ ಮೇಲೆ ಗೂಬೆ ಕೂರಿಸುವುದು ಈಚೆಗೆ ಗ್ಯಾರೇಜುಗಳಲ್ಲಿ ರೂಢಿಯಾಗಿದೆ. ಆ ಮಾತನ್ನು ನಂಬಿ ದುಡ್ಡು ಕಳೆದುಕೊಂಡವರಲ್ಲಿ ನಾನೂ ಒಬ್ಬನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನದು ನೋಂದಣಿ ನವೀಕರಿಸಿಕೊಂಡು ಓಡಿಸುತ್ತಿರುವ, ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಸಾಧನ) ಕಾಲದ ಮಾರುತಿ ಓಮ್ನಿ ವ್ಯಾನ್. 796 ಸಿಸಿ, ಮೂರು ಸಿಲಿಂಡರ್. ಕಳೆದ ಮಳೆಗಾಲದಲ್ಲಿ ಅದು ಬೆಳಿಗ್ಗೆ ಹೊರಟೊಡನೆ ಮಿಸ್ಸಿಂಗ್ ಹೊಡೆಯತೊಡಗಿತು, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯದೆ ಎಂಜಿನ್ ತಡವರಿಸತೊಡಗಿತು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗಲಂತೂ ಆಕ್ಸಿಲರೇಟರ್ ತುಳಿದರೆ ಪಿಕಪ್ ಬರುವ ಬದಲು ಜರ್ಕ್ ಹೊಡೆದು ನಿಲ್ಲುವಂತಾಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಟ್ಯಾಂಕ್ ತೊಳೆದು ಕಾರ್ಬೊರೇಟರ್ ಬಿಚ್ಚಿ ಕಟ್ಟಿದರು, ಇನ್ನೊಂದರಲ್ಲಿ ಪೆಟ್ರೋಲ್ ಪಂಪನ್ನೇ ಬದಲಿಸಿದರು. ಮರುದಿನದ ಮಳೆಗೆ ಮತ್ತೆ ಅದೇ ಪಾಡು. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ತೊಂದರೆ ತಾನಾಗಿ ಕಡಿಮೆಯಾಗುತ್ತಿತ್ತು ಎಂಬ ಮುಖ್ಯ ಸುಳಿವನ್ನು ಇಬ್ಬರೂ ಕೇಳಲಿಲ್ಲ. ನಾನಾಗಿ ಹೇಳಿದಾಗಲೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಯಾವ ಬಿಡಿಭಾಗವನ್ನೂ ತರಿಸದೆ ಕೆಲಸ ಆರಂಭಿಸಿದರು. ಎಂಜಿನ್ ನಿಲ್ಲಿಸಿ ಒಂದು ಸಿಲಿಂಡರಿನ ಪ್ಲಗ್ಗಿಗೆ (ಕಿಡಿ ಹಾರಿಸಿ ಪೆಟ್ರೋಲು ಹೊತ್ತಿಸುವ ಭಾಗ) ವಿದ್ಯುತ್ ಒಯ್ಯುವ ವೈರನ್ನು ಬಿಡಿಸಿ, ಅದಕ್ಕೊಂದು ಬೇರೆ ಪ್ಲಗ್ ಸಿಕ್ಕಿಸಿ ಎಂಜಿನ್ ಮೈಗೆ ಅರ್ತ್ ಕೊಟ್ಟು, ಅರೆನಿಮಿಷ ಐಡ್ಲಿಂಗಿನಲ್ಲಿ ಓಡಿಸಿ ನೋಡಿದರು. ಹೀಗೆ ಒಂದೊಂದಾಗಿ ಮೂರೂ ಸಿಲಿಂಡರ್. ಸರಿಯಾಗಿ ಉರಿಯುತ್ತಿರುವ ಸಿಲಿಂಡರಿನ ವೈರ್ ಬಿಡಿಸಿದರೆ ಎಂಜಿನ್ನಿನ ವೇಗ ಕುಸಿಯುತ್ತದೆ, ಮೊದಲೇ ಉರಿಯದಿರುವುದರದ್ದನ್ನು ಬಿಡಿಸಿದರೆ ಏನೂ ವ್ಯತ್ಯಾಸವಾಗುವುದಿಲ್ಲ. ನಡುವಿನ ಸಿಲಿಂಡರ್ ಹಾಗೆ ಸಿಕ್ಕಿಬಿತ್ತು. ಅದರ ಪ್ಲಗ್ಗನ್ನು ಪಕ್ಕದ್ದರೊಂದಿಗೆ ಅದಲುಬದಲು ಮಾಡಿದರೂ ದೋಷ ಜಾಗ ಬದಲಿಸದಿದ್ದುದರಿಂದ ಪ್ಲಗ್ಗಿನ ತಪ್ಪಿಲ್ಲವೆಂದಾಯಿತು. ಕತ್ತಲಾದ ಮೇಲೆ ಶೆಡ್ಡಿನ ದೀಪ ಆರಿಸಿ, ಮುಂದಿನ ಸೀಟು ಎತ್ತಿ, ವೈರಿನ ಮೇಲೆ ನೀರು ಚಿಮುಕಿಸಿದಾಗ ಅದರ ಬಿರುಕಿನಿಂದ ಎಂಜಿನ್ನಿಗೆ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಂಡಿತು. ಓಮ್ನಿಯಲ್ಲಿ ಎಂಜಿನ್ ಇರುವುದು ಸೀಟಿನಡಿಯಲ್ಲಿ. ಅಲ್ಲಿನ ಕಾವಿಗೆ ವೈರಿನ ರಬ್ಬರು ಬಿರಿಯುತ್ತದೆ, ಮಳೆಯ ತೇವ ಅದೇ ಬಿರುಕಿನಲ್ಲಿ ಕಿಡಿಗೆ ದಾರಿ ಮಾಡಿಕೊಡುತ್ತದೆ. (ಓಡುತ್ತಿರುವ ಎಂಜಿನ್ನಿನ ವೈರನ್ನು ಬರಿಗೈಯಲ್ಲಿ ಮುಟ್ಟುವ ಸಾಹಸ ಯಾರೂ ಮಾಡಬಾರದು, ಅದರಲ್ಲಿರುವುದು ಸಾವಿರಾರು ವೋಲ್ಟ್.)

ವೈರ್ ಸೆಟ್ ಬದಲಿಸಿದ ಮೇಲೆ ಮಿಸ್ಸಿಂಗ್ ಹೋಯಿತು. ಆದರೆ ಆಕ್ಸಿಲರೇಟರನ್ನು ಥಟ್ಟನೆ ತುಳಿದಾಗಿನ ತಡವರಿಕೆ ಸ್ವಲ್ಪ ಉಳಿಯಿತು. ಎಂಜಿನ್ ನಿಲ್ಲಿಸಿ, ಏರ್ ಫಿಲ್ಟರ್ ತೆಗೆದು ಥ್ರಾಟಲ್ ಎಳೆದರೆ ಕಾರ್ಬೊರೇಟರಿನ ಬಾಯಲ್ಲಿ ಪೆಟ್ರೋಲು ಸಣ್ಣ ಧಾರೆಯಾಗಿ ಚಿಮ್ಮಬೇಕು; ನಮ್ಮದರಲ್ಲಿ ತೊಟ್ಟಿಕ್ಕುತ್ತಿತ್ತು. ಹಾಗೆ ಪೆಟ್ರೋಲು ಚಿಮ್ಮಿಸುವ, ಕಾರ್ಬೊರೇಟರಿನೊಳಗಿನ ಆಕ್ಸಿಲರೇಟರ್ ಪಂಪಿನ ಡಯಾಫ್ರಂ (ಬಾಗುವ ತೆಳು ಪೊರೆ) ಸೆಟೆದುಹೋಗಿತ್ತು. ಎರಡು ತಿಂಗಳ ಹಿಂದಷ್ಟೇ ಈ ಕಾರ್ಬೊರೇಟರನ್ನು ಬಿಚ್ಚಿ ಕಟ್ಟಿದವರು ಇದನ್ನು ನೋಡಿರಲಿಲ್ಲ.

ಇಲ್ಲಿ ಪೆಟ್ರೋಲನ್ನು ಪೂರ್ತಿ ನಿರ್ದೋಷಿ ಎನ್ನಲಾರೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸಬಲ್ಲದು. ಅದರಲ್ಲಿ ಆಮ್ಲಜನಕವೂ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಯ ಪಾಲು ಹೆಚ್ಚಿ ಇಂಧನ ಸಾಲದಂತಾಗುತ್ತದೆ. ಸೆನ್ಸರ್ ಇರುವ ಎಂಜಿನ್ ಅದನ್ನು ಸರಿದೂಗಿಸಿಕೊಳ್ಳುತ್ತದೆ, ಕಾರ್ಬೊರೇಟರಿಗೆ ಆ ಶಕ್ತಿಯಿಲ್ಲ. ಆದರೆ ಪೆಟ್ರೋಲಿನ ದೋಷವಾಗಿದ್ದರೆ ಮೂರೂ ಸಿಲಿಂಡರುಗಳು ನರಳಬೇಕಿತ್ತಲ್ಲವೇ? ಒಂದೇ ಸಿಲಿಂಡರ್, ಅದೂ ಒದ್ದೆ ಬೆಳಗಿನಲ್ಲಿ ಮಾತ್ರ ಕೈಕೊಡುವುದಕ್ಕೆ ಪೆಟ್ರೋಲಿನಲ್ಲಿ ಬೆರೆತ 20 ಶೇಕಡ ಎಥನಾಲ್ ಹೇಗೆ ಕಾರಣವಾದೀತು?

ಗ್ಯಾರೇಜಿನವರನ್ನಷ್ಟೇ ದೂರುವುದೂ ನ್ಯಾಯವಲ್ಲ. ದೋಷ ಹುಡುಕಿದ ಶ್ರಮಕ್ಕೆ 300 ರೂಪಾಯಿ ಕೇಳಿದರೆ ಚೌಕಾಸಿಗಿಳಿಯುವ ನಾವೇ ಬೇಡದ ಪಂಪಿಗೆ ಮರುಮಾತಿಲ್ಲದೆ ಹಣ ತೆರುತ್ತೇವೆ. ಹೀಗಿರುವಾಗ ಹುಡುಕುವುದಕ್ಕಿಂತ ಬದಲಿಸುವುದೇ ಅವರಿಗೂ ಗಿಟ್ಟುತ್ತದೆ. ಬಿಲ್ಲಿನಲ್ಲಿ ಪರೀಕ್ಷೆಯ ಕೂಲಿಯನ್ನು ಪ್ರತ್ಯೇಕವಾಗಿ ಬರೆಯುವ ಮತ್ತು ಬದಲಿಸಿದ ಹಳೆಯ ಭಾಗವನ್ನು ಮಾಲೀಕರ ಕೈಗೆ ಕೊಡುವ ಪದ್ಧತಿ ಎಲ್ಲೆಡೆ ಬರಬೇಕು. ಓಮ್ನಿಯ ತಯಾರಿಕೆ 2019ರಲ್ಲೇ ನಿಂತಿದ್ದರೂ ಮಲೆನಾಡಿನಲ್ಲಿ ಅಡಿಕೆ ಮೂಟೆಯಿಂದ ಮದುವೆ ದಿಬ್ಬಣದವರೆಗೆ ಅದು ಇಂದಿಗೂ ದುಡಿಯುತ್ತಿರುವುದರಿಂದ, ತಮ್ಮ ಪತ್ರಿಕೆಯು ಹೊಸ ಕಾರುಗಳ ಪರಿಚಯದ ಜೊತೆಗೆ ಇಂಥ ಪರೀಕ್ಷಾಕ್ರಮಗಳಿಗೂ ಆಗಾಗ ಜಾಗ ಕೊಡಬೇಕೆಂದು ಕೋರುತ್ತೇನೆ.

ಇತಿ,
ಓಮ್ನಿ ಮಾಲೀಕನೊಬ್ಬ, ತೀರ್ಥಹಳ್ಳಿ