ನಿಮ್ಮ ಮಡಿಯ ಮಣ್ಣು ಬೆಚ್ಚಗಾದ ಮೇಲೆ ಸಸಿ ಕಳಿಸುತ್ತೇವೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇವೆ. ಟೊಮೆಟೊ, ಮೆಣಸಿನಕಾಯಿ, ಬದನೆ, ಸೌತೆ, ಕುಂಬಳ, ಈ ಐದರ ಸಸಿಗಳನ್ನು ಇಷ್ಟು ವರ್ಷ ಒಂದು ತಾರೀಖು ಗೊತ್ತು ಮಾಡಿಕೊಂಡು ಎಲ್ಲರಿಗೂ ಒಂದೇ ವಾರದಲ್ಲಿ ಕಳಿಸುತ್ತಿದ್ದೆವು. ಈ ವಸಂತದಿಂದ ಆ ಪದ್ಧತಿ ಬಿಡುತ್ತಿದ್ದೇವೆ. ಮಣ್ಣು ಸಾಕಷ್ಟು ಬೆಚ್ಚಗಾಗಿದೆ ಅಂತ ನೀವು ತಿಳಿಸಿದ ಮೇಲೆಯೇ ನಿಮ್ಮ ಸಸಿಗಳು ಇಲ್ಲಿಂದ ಹೊರಡುತ್ತವೆ. ಕೆಲವರಿಗೆ ಎರಡು ವಾರ ತಡ ಆಗಬಹುದು, ಕೆಲವರಿಗೆ ಇನ್ನೂ ಜಾಸ್ತಿ. ನೀವು ಹಣ ಕೊಟ್ಟಾಗಿದೆ, ಕೈಯಾರೆ ಹಲಗೆ ಜೋಡಿಸಿ ಏರು ಮಡಿ ಕಟ್ಟಿ ಮಣ್ಣು ತುಂಬಿಸಿ ಕಾಯುತ್ತಾ ಕೂತಿದ್ದೀರಿ, ಈಗ ಇನ್ನೂ ತಡ ಅಂದರೆ ಬೇಸರ ಆಗುತ್ತದೆ, ನಮಗೆ ಗೊತ್ತು. ಅದಕ್ಕೇ ಕಾರಣವನ್ನು ಪೂರ್ತಿ ಹೇಳುತ್ತಿದ್ದೇವೆ.

ಹೋದ ವರ್ಷವೂ ವಸಂತ ಹೀಗೇ ಇತ್ತು. ಚಳಿಗಾಲ ಮುಗಿದರೂ ಚಳಿ ಬಿಟ್ಟಿರಲಿಲ್ಲ. ತಾರೀಖು ಬಂತು ಅಂತ ನಾವು ಸಸಿ ಕಳಿಸಿಬಿಟ್ಟೆವು. ಅದು ನಮ್ಮ ತಪ್ಪು. ಎರಡು ಮೂರು ವಾರ ಆದ ಮೇಲೆ ನಿಮ್ಮಿಂದ ಫೋಟೋಗಳು ಬರಲು ಶುರುವಾದವು. ಎಲ್ಲದರಲ್ಲೂ ಅದೇ ಟೊಮೆಟೊ ಗಿಡ: ನೆಟ್ಟ ದಿನ ಎಷ್ಟಿತ್ತೋ ಅಷ್ಟೇ ಎತ್ತರ, ಎಲೆಯ ಹಿಂಭಾಗ ಮತ್ತು ನರಗಳೆಲ್ಲ ನೇರಳೆ ಬಣ್ಣ. ಗೊಬ್ಬರ ಹಾಕಿದ್ದೇನೆ, ನೀರು ಕೊಟ್ಟಿದ್ದೇನೆ, ನಾನು ಏನು ತಪ್ಪು ಮಾಡಿದೆ ಅಂತ ಒಬ್ಬರು ಬರೆದಿದ್ದರು. ಅವರು ಏನೂ ತಪ್ಪು ಮಾಡಿರಲಿಲ್ಲ. ಗಿಡಕ್ಕೆ ರಂಜಕ (ಫಾಸ್ಫರಸ್) ಅನ್ನುವ ಪೋಷಕಾಂಶ ಸಿಗದಿದ್ದಾಗ ಎಲೆ ಹೀಗೆ ನೇರಳೆಯಾಗುತ್ತದೆ. ಮಣ್ಣಿನಲ್ಲಿ ರಂಜಕ ಬೇಕಾದಷ್ಟು ಇರುತ್ತದೆ, ಆದರೆ ಮಣ್ಣು ತಣ್ಣಗಿದ್ದರೆ ಬೇರು ಅದನ್ನು ಎಳೆದುಕೊಳ್ಳಲಾರದು. ಅದರ ಮೇಲೆ ಇನ್ನಷ್ಟು ಗೊಬ್ಬರ ಸುರಿದರೂ ಪ್ರಯೋಜನ ಇಲ್ಲ, ಎಳೆ ಬೇರಿಗೆ ಉಪ್ಪಿನಂಶ ಜಾಸ್ತಿಯಾಗಿ ಕಷ್ಟ ಇನ್ನೂ ಹೆಚ್ಚುತ್ತದೆ.

ಆಗ ನಾವು ನಮ್ಮದೇ ಮಡಿಯಲ್ಲಿ ನೆಟ್ಟಿದ್ದ ಒಂದು ಟೊಮೆಟೊ ಸಸಿಯನ್ನು ಮೆಲ್ಲಗೆ ಕಿತ್ತು ನೋಡಿದೆವು. ನೆಟ್ಟು ಮೂರು ವಾರ ಆಗಿತ್ತು. ಬುಡದ ಮಣ್ಣಿನ ಉಂಡೆ ಟ್ರೇಯ ಗುಣಿಯಿಂದ ತೆಗೆದ ಹಾಗೇ ಇತ್ತು, ನಾಲ್ಕು ಮೂಲೆಯೂ ಮಾಸಿರಲಿಲ್ಲ. ಒಂದೇ ಒಂದು ಬಿಳಿ ಬೇರು ಸಹ ಉಂಡೆ ದಾಟಿ ಹೊರಗೆ ಹೋಗಿರಲಿಲ್ಲ. ಪಕ್ಕದಲ್ಲಿ ಬಿತ್ತಿದ್ದ ಬೀನ್ಸ್ ಬೀಜ ಅಗೆದು ತೆಗೆದರೆ ಬೆರಳಲ್ಲಿ ಒತ್ತಿದ ತಕ್ಷಣ ಪಿಚಕ್ ಅಂತ ಲೋಳೆಯಾಯಿತು. ಬೀನ್ಸ್ ಬೀಜ ಬಿತ್ತಿದ ಮೊದಲ ಕೆಲವು ಗಂಟೆಗಳಲ್ಲೇ ನೀರು ಕುಡಿದು ಉಬ್ಬುತ್ತದೆ. ಆ ನೀರು ತೀರಾ ತಣ್ಣಗಿದ್ದರೆ ಒಳಗಿನ ಜೀವಕೋಶಗಳಿಗೆ ಅಲ್ಲೇ ಪೆಟ್ಟು ಬೀಳುತ್ತದೆ, ಆಮೇಲೆ ಎಷ್ಟೇ ಬಿಸಿಲು ಬಂದರೂ ಅದು ಏಳುವುದಿಲ್ಲ.

ನಮ್ಮದು ಎತ್ತರದ ಮಡಿ, ಬೇಗ ಬಿಸಿಯಾಗುತ್ತದೆ ಅಲ್ವಾ, ನಮಗೆ ಮೊದಲೇ ಕಳಿಸಿ ಅಂತ ತುಂಬಾ ಜನ ಕೇಳುತ್ತೀರಿ. ಮಾತು ನಿಜ, ಆದರೆ ಅರ್ಧ ಮಾತ್ರ. ಏರು ಮಡಿಯಲ್ಲಿ ನೀರು ನಿಲ್ಲದೆ ಬಸಿದು ಹೋಗುತ್ತದೆ, ಮಣ್ಣು ಬೇಗ ಬಿಸಿಯಾಗಲು ಮುಖ್ಯ ಕಾರಣ ಇದೇ. ಒಂದೇ ತೂಕದ ಒಣ ಮಣ್ಣು ಮತ್ತು ನೀರು ತೆಗೆದುಕೊಂಡರೆ, ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು ಐದು ಪಟ್ಟು ಶಾಖ ಬೇಕು. ಹಾಗಾಗಿ ನೆನೆದ ನೆಲ ಬಿಸಿಯಾಗಲು ಒದ್ದಾಡುತ್ತದೆ, ಬಸಿದ ಮಡಿ ಬೇಗ ಬಿಸಿಯಾಗುತ್ತದೆ. ಜೊತೆಗೆ ಬಿಸಿಲು ಮಡಿಯ ಪಕ್ಕದ ಹಲಗೆಗೂ ಬೀಳುತ್ತದೆ. ಆದರೆ ರಾತ್ರಿ ಅದೇ ಹಲಗೆಯ ಮೂಲಕ ಶಾಖ ಹೊರಗೆ ಹೋಗುತ್ತದೆ. ನಾಲ್ಕೂ ಕಡೆ ಗಾಳಿಗೆ ತೆರೆದಿರುವ 30 ಸೆಂಟಿಮೀಟರ್ ಎತ್ತರದ ಮಡಿ, ಮೋಡ ಕವಿದ ನಾಲ್ಕು ದಿನ ಮತ್ತು ಗಾಳಿ ಬೀಸುವ ನಾಲ್ಕು ರಾತ್ರಿ ಕಳೆದರೆ ಪಕ್ಕದ ನೆಲಕ್ಕಿಂತ ತಣ್ಣಗೂ ಆಗಬಹುದು. ಮಡಿ ಚಿಕ್ಕದಾದಷ್ಟೂ ಈ ಏರಿಳಿತ ಜಾಸ್ತಿ. ಬಿಸಿಲಿದ್ದರೆ ಏರು ಮಡಿ ನಿಮ್ಮ ಪರ, ಬಿಸಿಲೇ ಇಲ್ಲದ ವಸಂತದಲ್ಲಿ ಅದೂ ಏನೂ ಮಾಡಲಾರದು.

ಅದಕ್ಕೇ ಅಂದಾಜು ಬೇಡ, ಅಳೆದು ನೋಡೋಣ ಅನ್ನುತ್ತಿದ್ದೇವೆ. ಈ ಸಲ ಸಸಿ ಕೇಳಿದ ಪ್ರತಿಯೊಬ್ಬರಿಗೂ ಮಣ್ಣಿನ ಥರ್ಮಾಮೀಟರ್ ಒಂದನ್ನು ಮೊದಲೇ ಕಳಿಸುತ್ತೇವೆ, ಅದಕ್ಕೆ ಬೇರೆ ಹಣ ಇಲ್ಲ. ನಿಮ್ಮ ಹತ್ತಿರ ಆಗಲೇ ಅಡುಗೆಯ ಕಡ್ಡಿ ಥರ್ಮಾಮೀಟರ್ ಇದ್ದರೆ ಅದೂ ಆಗುತ್ತದೆ. ಬೆಳಿಗ್ಗೆ ಎಂಟು ಒಂಬತ್ತು ಗಂಟೆಯ ಹೊತ್ತಿಗೆ, ಬಿಸಿಲು ಮಡಿಗೆ ತಟ್ಟುವ ಮುಂಚೆ, 10 ಸೆಂಟಿಮೀಟರ್ ಆಳಕ್ಕೆ ಚುಚ್ಚಿ ಒಂದೆರಡು ನಿಮಿಷ ಬಿಡಿ. ಮಧ್ಯಾಹ್ನ ಅಳೆಯಬೇಡಿ, ಮೇಲ್ಮಣ್ಣು ಬಿಸಿಯಾಗಿ ಮೋಸ ಮಾಡುತ್ತದೆ. ಹಲಗೆಗೆ ಒತ್ತಿಕೊಂಡೂ ಅಳೆಯಬೇಡಿ, ಮಡಿಯ ನಡುವೆ ಮತ್ತು ನೆರಳಿನ ಬದಿಯಲ್ಲಿ ಅಳೆಯಿರಿ, ಎರಡರಲ್ಲಿ ಕಡಿಮೆ ಇರುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಸತತ ಐದು ದಿನ ಟೊಮೆಟೊಗೆ 15 ಡಿಗ್ರಿ ಸೆಲ್ಸಿಯಸ್, ಉಳಿದ ನಾಲ್ಕಕ್ಕೆ 18 ಡಿಗ್ರಿ ಬಂದರೆ ನಮಗೆ ಒಂದು ಮೆಸೇಜ್ ಹಾಕಿ. ರಾತ್ರಿಯ ಗಾಳಿಯೂ ಟೊಮೆಟೊಗೆ 10 ಡಿಗ್ರಿಗಿಂತ, ಮೆಣಸಿನಕಾಯಿಗೆ 13 ಡಿಗ್ರಿಗಿಂತ ಕೆಳಗೆ ಇಳಿಯುತ್ತಿರಬಾರದು.

ಕಾಯುವ ಅಷ್ಟು ದಿನ ಮಡಿ ಸುಮ್ನೆ ಖಾಲಿ ಬಿಡಬೇಕಾ? ಖಂಡಿತ ಬೇಡ. ಚಳಿಯನ್ನು ಇಷ್ಟಪಡುವ ತರಕಾರಿಗಳೇ ಬೇಕಾದಷ್ಟಿವೆ. ಬಟಾಣಿ, ಪಾಲಕ್, ಲೆಟಿಸ್, ಮೂಲಂಗಿ, ಇವಕ್ಕೆ ಮಣ್ಣು 5 ಡಿಗ್ರಿ ದಾಟಿದರೂ ಮೊಳಕೆ ಬರುತ್ತದೆ, ಆದರೆ ತುಂಬಾ ನಿಧಾನ. 5 ಡಿಗ್ರಿಯಲ್ಲಿ ಬಟಾಣಿ ಮೇಲೆ ಬರಲು ಸುಮಾರು ಐದು ವಾರ ಬೇಕು, 10 ಡಿಗ್ರಿಯಲ್ಲಿ ಎರಡೇ ವಾರ. ಅಷ್ಟು ದಿನ ತೇವದಲ್ಲಿ ಕೂತ ಬೀಜ ಕೊಳೆಯುವ ಸಂಭವವೂ ಇರುತ್ತದೆ, ಹಾಗಾಗಿ 7 ಅಥವಾ 8 ಡಿಗ್ರಿ ಆಗುವ ತನಕ ಕಾಯುವುದು ಒಳ್ಳೆಯದು. ಲೆಟಿಸ್ ಮಾತ್ರ 10 ಡಿಗ್ರಿ ಇದ್ದರೆ ಒಂದು ವಾರದಲ್ಲೇ ಕಣ್ಣು ಬಿಡುತ್ತದೆ, ಅದನ್ನು ನೋಡಿದಾಗ ಆಗುವ ಖುಷಿಯೇ ಬೇರೆ. ಬೀಟ್‌ರೂಟ್, ಎಲೆಕೋಸು, ಈರುಳ್ಳಿ ವಿಷಯದಲ್ಲಿ ಸ್ವಲ್ಪ ಹುಷಾರು. ಇವು ಚಳಿ ತಡೆಯುತ್ತವೆ, ಆದರೆ ಸ್ವಲ್ಪ ದೊಡ್ಡದಾದ ಗಿಡ ವಾರಗಟ್ಟಲೆ 10 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ನಿಂತರೆ, ಒಂದು ಚಳಿಗಾಲ ಕಳೆಯಿತು ಅಂದುಕೊಂಡು ಗಡ್ಡೆ ಕಟ್ಟುವ ಬದಲು ದಂಟು ಎದ್ದು ಹೂ ಬಿಟ್ಟುಬಿಡುತ್ತದೆ. ಈ ಕಾರಣಕ್ಕೆ ಎಲೆಕೋಸಿನ ಸಸಿಗಳನ್ನು ಈ ಸಲ ನಾವು ಚಿಕ್ಕದಿರುವಾಗಲೇ ಕಳಿಸುತ್ತೇವೆ. ಪೆಟ್ಟಿಗೆ ತೆರೆದಾಗ ಸಸಿ ಪುಟ್ಟದಾಗಿ ಕಂಡರೆ ಗಾಬರಿಯಾಗಬೇಡಿ.

ಇನ್ನು ಮಣ್ಣನ್ನೇ ಬೇಗ ಬಿಸಿ ಮಾಡುವ ಬಗ್ಗೆ. ನೀವು ಮಾಡಬಹುದಾದ್ದು ಬೇಕಾದಷ್ಟಿದೆ. ಹುಲ್ಲು, ಒಣ ಎಲೆ ಹೊದಿಸಿದ್ದರೆ ಈಗಲೇ ತೆಗೆದು ಪಕ್ಕಕ್ಕೆ ಇಡಿ, ಬೇಸಿಗೆಯಲ್ಲಿ ಅದು ಮಣ್ಣನ್ನು ತಂಪಾಗಿ ಇಡುತ್ತದೆ, ಈಗಲೂ ಅದೇ ಕೆಲಸ ಮಾಡುತ್ತಿದೆ. ಆಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟುವ ಹಾಗೆ ಬಿಗಿಯಾಗಿ ಎಳೆದು ಅಂಚಿಗೆ ಇಟ್ಟಿಗೆ ಇಟ್ಟು ಎರಡು ವಾರ ಬಿಡಿ. ಹಾಳೆ ಮತ್ತು ಮಣ್ಣಿನ ನಡುವೆ ಗಾಳಿ ಉಳಿದರೆ ಬಿಸಿ ಹಾಳೆಯಲ್ಲೇ ಉಳಿಯುತ್ತದೆ, ಮಣ್ಣಿಗೆ ಇಳಿಯುವುದಿಲ್ಲ. ಪಾರದರ್ಶಕ ಹಾಳೆಯಾದರೆ ಮಣ್ಣು ಇನ್ನೂ ಜಾಸ್ತಿ ಬಿಸಿಯಾಗುತ್ತದೆ, ಆದರೆ ಅಡಿಯಲ್ಲಿ ಕಳೆಯೂ ಸೊಂಪಾಗಿ ಏಳುತ್ತದೆ. ಬಗ್ಗುವ ಪೈಪನ್ನು ಮಡಿಯ ಎರಡೂ ಬದಿಗೆ ಸಿಕ್ಕಿಸಿ ಕಮಾನು ಮಾಡಿ, ಮೇಲೆ ಬೆಳೆಗೆ ಹೊದಿಸುವ ತೆಳು ಬಿಳಿ ಬಟ್ಟೆ ಹಾಕಿದರೆ ರಾತ್ರಿ ಸುಮಾರು ಎರಡು ಡಿಗ್ರಿಯಷ್ಟು ಚಳಿ ತಪ್ಪುತ್ತದೆ. ಕೇಳಲು ಕಡಿಮೆ ಅನ್ನಿಸಬಹುದು, ಆದರೆ ಇಬ್ಬನಿ ಹೆಪ್ಪುಗಟ್ಟುವ ರಾತ್ರಿ ಗಿಡ ಉಳಿಯುವುದೋ ಕರಕಲಾಗುವುದೋ ಆ ಎರಡು ಡಿಗ್ರಿಯ ಮೇಲೇ ನಿಂತಿರುತ್ತದೆ. ಮೋಡ ಇಲ್ಲದ, ಗಾಳಿ ಆಡದ ರಾತ್ರಿಗಳೇ ಹೆಚ್ಚು ಅಪಾಯ. ಅಂಥ ದಿನ ಸಂಜೆ ಬಿಸಿಲು ಪೂರ್ತಿ ಇಳಿಯುವ ಮುಂಚೆಯೇ ಹೊದಿಸಿ, ಮಣ್ಣಿನಲ್ಲಿರುವ ಬಿಸಿ ಒಳಗೇ ಉಳಿಯಲಿ. ನೀರು ಸಂಜೆ ಬೇಡ, ಬೆಳಿಗ್ಗೆ ಕೊಡಿ, ಹಿಂದಿನ ದಿನ ಬಕೆಟ್‌ನಲ್ಲಿ ಹಿಡಿದು ಮನೆಯೊಳಗೆ ಇಟ್ಟಿದ್ದ ನೀರಾದರೆ ಇನ್ನೂ ಒಳ್ಳೆಯದು.

ಹಲಗೆಯ ಬಗ್ಗೆ ಒಂದು ಮಾತು, ಹೊಸದಾಗಿ ಮಡಿ ಕಟ್ಟುವವರು ಕೇಳುತ್ತಲೇ ಇರುತ್ತೀರಿ. ಸಾಮಾನು ಸಾಗಿಸುವ ಪ್ಯಾಲೆಟ್ ಒಡೆದು ಮಡಿ ಮಾಡುವುದಾದರೆ ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂತ ಇದ್ದರೆ ಮರವನ್ನು ಬರೀ ಶಾಖದಿಂದ ಸಂಸ್ಕರಿಸಿದ್ದಾರೆ ಅಂತ ಅರ್ಥ, ಬಳಸಬಹುದು. ಎಂಬಿ ಅಂತ ಇದ್ದರೆ ಹುಳು ಸಾಯಿಸಲು ಮೀಥೈಲ್ ಬ್ರೋಮೈಡ್ ಅನ್ನುವ ವಿಷಾನಿಲ ಹಾಯಿಸಿದ್ದಾರೆ, ಅದು ತರಕಾರಿ ಮಡಿಗೆ ಬೇಡ. ಕಪ್ಪು ಎಣ್ಣೆ ಕುಡಿಸಿದ ಹಳೆಯ ರೈಲ್ವೆ ಸ್ಲೀಪರ್ ಸಹ ಬೇಡ. ಮಡಿಯ ತಳದಲ್ಲಿ ಕೊಂಬೆ, ಮರದ ತುಂಡು ತುಂಬಿಸಿದ್ದರೆ ತೊಂದರೆ ಇಲ್ಲ, ಆದರೆ ಮರದ ಪುಡಿಯನ್ನು ಮೇಲ್ಮಣ್ಣಿಗೆ ಬೆರೆಸಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ತಣ್ಣನೆ ಮಣ್ಣಿನಲ್ಲಿ ಕಾಂಪೋಸ್ಟ್‌ನಿಂದ ಸಾರಜನಕ ಬಿಡುಗಡೆಯಾಗುವುದೇ ನಿಧಾನ, ಎರಡೂ ಸೇರಿದರೆ ಗಿಡ ಹಳದಿಯಾಗಿ ನಿಂತುಬಿಡುತ್ತದೆ.

ನಿಮ್ಮ ಸಸಿಗಳು ಇಲ್ಲಿ ಏನಾಗುತ್ತಿರುತ್ತವೆ ಅನ್ನುವುದನ್ನೂ ಹೇಳಬೇಕು. ಟ್ರೇಯಲ್ಲೇ ಬಿಟ್ಟರೆ ಬೇರು ಸುತ್ತಿಕೊಂಡು ಸಸಿ ಸೊರಗುತ್ತದೆ, ಅದಕ್ಕೆ ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿಗಳನ್ನೆಲ್ಲ ದೊಡ್ಡ ಕುಂಡಗಳಿಗೆ ವರ್ಗ ಮಾಡುತ್ತಿದ್ದೇವೆ. ಟೊಮೆಟೊ ಸಸಿಯನ್ನು ಮೊದಲ ಎಲೆಗಳ ತನಕ ಆಳವಾಗಿ ಹೂಳುತ್ತೇವೆ, ಆ ಕಾಂಡದಿಂದಲೂ ಬೇರು ಬರುತ್ತದೆ. ಸೌತೆ, ಕುಂಬಳದ ಬೇರಿಗೆ ಪದೇ ಪದೇ ಕೈ ಹಾಕಿದರೆ ಆಗುವುದಿಲ್ಲ. ಆದ್ದರಿಂದ ಅವುಗಳ ಬೀಜವನ್ನೇ ಈ ಸಲ ಮೂರು ವಾರ ತಡವಾಗಿ ಹಾಕಿದ್ದೇವೆ. ನಿಮ್ಮ ಮೆಸೇಜ್ ಬಂದ ಮೇಲೆ ಒಂದು ವಾರದಿಂದ ಹತ್ತು ದಿನ ಸಸಿಯನ್ನು ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೊರಗಿನ ಬಿಸಿಲು ಗಾಳಿಗೆ ಇಟ್ಟು ಗಟ್ಟಿ ಮಾಡುತ್ತೇವೆ, ಆಮೇಲೆ ಕಳಿಸುತ್ತೇವೆ. ಈ ಹತ್ತು ದಿನವನ್ನು ದಯವಿಟ್ಟು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕುಂಡಕ್ಕೆ, ಕೆಲಸಕ್ಕೆ ಜಾಸ್ತಿ ಹಣ ಕೇಳುವುದಿಲ್ಲ.

ಅಷ್ಟು ದಿನ ಕಾಯಲು ಆಗುವುದಿಲ್ಲ ಅನ್ನುವವರು ಆರ್ಡರ್ ರದ್ದು ಮಾಡಬಹುದು, ಕೊಟ್ಟ ಹಣ ಪೂರ್ತಿ ವಾಪಸ್ ಕೊಡುತ್ತೇವೆ, ಕಾರಣ ಹೇಳಬೇಕಾಗಿಲ್ಲ. ಹೋದ ವರ್ಷ ಚಳಿಗೆ ಸಸಿ ಕಳೆದುಕೊಂಡವರಿಗೆ ಅಷ್ಟೇ ಸಸಿಗಳನ್ನು ಈ ಸಲ ನಾವಾಗಿಯೇ ಸೇರಿಸಿ ಕಳಿಸುತ್ತಿದ್ದೇವೆ. ಆಗ ನಮಗೆ ತಿಳಿಸದೆ ಸುಮ್ಮನಿದ್ದವರೂ ಈಗ ಹೇಳಿ, ಫೋಟೋ ಬೇಕಾಗಿಲ್ಲ, ಎಷ್ಟು ಗಿಡ ಹೋಯಿತು ಅಂತ ಹೇಳಿದರೆ ಸಾಕು.

ಇವತ್ತು ಬೆಳಿಗ್ಗೆ ನಮ್ಮ ಮಡಿಯ ನೆರಳಿನ ಬದಿಯಲ್ಲಿ 9 ಡಿಗ್ರಿ ಇತ್ತು. ಥರ್ಮಾಮೀಟರ್ ಮತ್ತು ಬಟಾಣಿ, ಪಾಲಕ್, ಲೆಟಿಸ್ ಬೀಜದ ಪೊಟ್ಟಣಗಳು ಈ ವಾರವೇ ಹೊರಡುತ್ತವೆ. ಪೆಟ್ಟಿಗೆ ಕೈಸೇರಿದ ಮಾರನೇ ಬೆಳಿಗ್ಗೆಯಿಂದಲೇ ಅಳೆಯಲು ಶುರು ಮಾಡಿ, ಮೊದಲ ಅಳತೆ ಎಷ್ಟು ಬಂತು ಅಂತ ನಮಗೂ ಬರೆಯಿರಿ.

ಇಂತಿ ನಿಮ್ಮ,
ನರ್ಸರಿ ಸಹಕಾರಿಯ ಎಲ್ಲರ ಪರವಾಗಿ